ಮೇರಿ ರಾಣಿಯನ್ನು ಹುಡುಕಿಕೊಂಡು ಮೂರು ಜಾಗಗಳಿಗೆ

ಸ್ಕಾಟ್ಲೆಂಡಿನ ರಾಣಿ ಮೇರಿಯ ಕತೆ ನನ್ನನ್ನು ಬಹಳ ವರ್ಷಗಳಿಂದ ಕಾಡಿದೆ. ಹುಟ್ಟಿ ಆರೇ ದಿನಕ್ಕೆ ರಾಣಿಯಾದವಳು. 44ನೇ ವಯಸ್ಸಿನಲ್ಲಿ ಇಂಗ್ಲೆಂಡಿನಲ್ಲಿ ತಲೆದಂಡ ಕೊಟ್ಟವಳು. ಅವಳಿಗಾಗಿಯೇ ನಾನು ಎಡಿನ್‌ಬರೊದ ಹೋಲಿರೂಡ್ ಅರಮನೆ, ಲೋಕ್ ಲೆವೆನ್ ಕೋಟೆ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಎಂಬ ಚರ್ಚು ಮೂರನ್ನೂ ನೋಡಿ ಬಂದೆ. ಒಂದಕ್ಕೆ ಮಾತ್ರ ಸಮಯವಿದ್ದರೆ ಯಾವುದಕ್ಕೆ ಹೋಗಬೇಕು?

ಎಲ್ಲರೂ ಮೊದಲು ಹೇಳುವುದು ಹೋಲಿರೂಡ್. ಇಕ್ಕಟ್ಟಾದ ಸುರುಳಿ ಮೆಟ್ಟಿಲು ಹತ್ತಿದರೆ ಮೇರಿಯ ಮಲಗುವ ಕೋಣೆ. ಅದರ ಮೂಲೆಯಲ್ಲಿ ಅವಳು ಊಟಕ್ಕೆ ಕೂರುತ್ತಿದ್ದ ಪುಟ್ಟ ಕೋಣೆ. ನಾಲ್ಕೈದು ಜನ ಕೂತರೆ ಮೊಣಕೈ ತಾಗುವಷ್ಟು ಚಿಕ್ಕದು. 1566ರ ಮಾರ್ಚ್ 9ರ ರಾತ್ರಿ ಇಲ್ಲಿಗೆ ಗಂಡ ಡಾರ್ನ್‌ಲಿ ಒಳಮೆಟ್ಟಿಲಿನಿಂದ ಬಂದ, ಅವನ ಹಿಂದೆಯೇ ಆಯುಧ ಹಿಡಿದವರು ನುಗ್ಗಿದರು. ಅವಳ ಕಾರ್ಯದರ್ಶಿ ರಿಝಿಯೋನನ್ನು ಹೊರಗೆಳೆದು 50ಕ್ಕೂ ಹೆಚ್ಚು ಸಲ ಇರಿದರು. ಮೇರಿ ಆಗ ಆರು ತಿಂಗಳ ಬಸುರಿ. ಆ ಕೋಣೆಯ ಅಳತೆ ಕಣ್ಣಾರೆ ನೋಡಿದ ಮೇಲೆಯೇ ನನಗೆ ಆ ರಾತ್ರಿ ಅರ್ಥವಾಗಿದ್ದು. ಓಡಲು ಜಾಗವೇ ಇಲ್ಲ.

ಅವಳ ಕಸೂತಿಯೂ ಇಲ್ಲಿದೆ. ಕೆಂಚು ಬೆಕ್ಕು, ಪಕ್ಕದಲ್ಲಿ ಇಲಿ. ಬೆಕ್ಕು ಅಂದರೆ ಅವಳನ್ನು ಸೆರೆಯಲ್ಲಿಟ್ಟಿದ್ದ ಇಂಗ್ಲೆಂಡಿನ ಕೆಂಗೂದಲಿನ ರಾಣಿ ಎಲಿಜಬೆತ್, ಇಲಿ ಅಂದರೆ ಮೇರಿ ಅಂತ ಜನ ಅದನ್ನು ಓದುತ್ತಾರೆ. ಆದರೆ ಹಿಂದಿನಿಂದ ಜನ ಬರುತ್ತಲೇ ಇರುತ್ತಾರೆ, ಸುಮ್ನೆ ನಿಂತು ನೋಡಲು ಬಿಡುವುದಿಲ್ಲ.

ಅಬ್ಬೆಯಲ್ಲಿ ಗದ್ದಲ ಇನ್ನೂ ಜಾಸ್ತಿ. ಆದರೂ ಅಲ್ಲಿ ಬೇರೆಲ್ಲೂ ಸಿಗದ ಒಂದು ನೋಟವಿದೆ. ಎಲಿಜಬೆತ್‌ಳ ಅಜ್ಜ, ರಾಜ 7ನೇ ಹೆನ್ರಿಯ ಪೂಜಾಮಂದಿರದ ಒಂದು ಬದಿಗೆ ಎಲಿಜಬೆತ್, ಇನ್ನೊಂದು ಬದಿಗೆ ಮೇರಿ. ಬದುಕಿದ್ದಾಗ ಒಮ್ಮೆಯೂ ಮುಖಾಮುಖಿ ಆಗದವರು. ಇಬ್ಬರ ಸಮಾಧಿಯನ್ನೂ ಕಟ್ಟಿಸಿದ್ದು ಮೇರಿಯ ಮಗ ಜೇಮ್ಸ್. 1612ರಲ್ಲಿ ತಾಯಿಯ ದೇಹವನ್ನು ಪೀಟರ್‌ಬರೊದಿಂದ ಇಲ್ಲಿಗೆ ತರಿಸಿದ. ಎಲಿಜಬೆತ್ ಜೊತೆಗೇ ಅವಳ ಅಕ್ಕ ಮೇರಿ ಟ್ಯೂಡರ್ ಕೂಡ ಇದ್ದಾಳೆ, ಆದರೆ ಅಕ್ಕನಿಗೆ ಪ್ರತಿಮೆಯೇ ಇಲ್ಲ. ಪಾಪ, ಅವಳೂ ದೇಶ ಆಳಿದವಳೇ ಅಲ್ವಾ? ಮೇರಿ ಇರುವ ಬದಿಯಲ್ಲೇ 7ನೇ ಹೆನ್ರಿಯ ತಾಯಿ ಮಾರ್ಗರೆಟ್ ಬೋಫರ್ಟ್ ಇದ್ದಾಳೆ. 13ನೇ ವಯಸ್ಸಿಗೆ ಹೆತ್ತವಳು. ಅವಳ ಕಂಚಿನ ಕೈಗಳ ಸುಕ್ಕನ್ನು ದಯವಿಟ್ಟು ನೋಡಿ. ನಮ್ಮಜ್ಜಿಯ ಕೈ ನೆನಪಾಗಿ ನಾನು ಅಲ್ಲೇ ನಿಂತುಬಿಟ್ಟೆ.

ಇಷ್ಟಾದರೂ ನನ್ನ ಆಯ್ಕೆ ಲೋಕ್ ಲೆವೆನ್. ಕಿನ್‌ರಾಸ್ ಊರಿನಿಂದ ಸಣ್ಣ ದೋಣಿ. ಸರೋವರದ ನಡುವೆ ದ್ವೀಪ, ಅದರಲ್ಲಿ ಪಾಳುಬಿದ್ದ ಗೋಪುರ. ಸಾಮಾನು ಒಂದೂ ಇಲ್ಲ, ಚಿತ್ರಪಟವಿಲ್ಲ. 1567ರ ಜೂನ್‌ನಲ್ಲಿ, ತಿರುಗಿಬಿದ್ದ ಸ್ಕಾಟ್ಲೆಂಡಿನ ಪ್ರಭುಗಳು ಮೇರಿಯನ್ನು ಇಲ್ಲಿ ಕೂಡಿಹಾಕಿದರು. ಅವಳಿಗೆ 24 ವರ್ಷ. ಇಲ್ಲೇ ಹೊಟ್ಟೆಯಲ್ಲಿದ್ದ ಅವಳಿ ಮಕ್ಕಳನ್ನು ಕಳೆದುಕೊಂಡಳು. ಮೈಯಲ್ಲಿ ಶಕ್ತಿ ಇಲ್ಲದ ಆ ಹೊತ್ತಿನಲ್ಲೇ, ಜುಲೈ 24ರಂದು, ಪಟ್ಟ ಬಿಡುವ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಅವಳ ಒಂದು ವರ್ಷದ ಕೂಸು ಜೇಮ್ಸ್ ರಾಜನಾದ. ಮೇರಿ ಮತ್ತೆಂದೂ ಆ ಮಗುವನ್ನು ನೋಡಲಿಲ್ಲ.

ಆಗ ನೀರು ಹೆಚ್ಚೂಕಡಿಮೆ ಕೋಟೆಗೋಡೆಯವರೆಗೂ ಇತ್ತು. 19ನೇ ಶತಮಾನದಲ್ಲಿ ಸರೋವರದ ಮಟ್ಟ ಇಳಿಸಿದ ಮೇಲೆ ದ್ವೀಪ ಇಷ್ಟು ದೊಡ್ಡದಾಗಿದ್ದು. ಇದನ್ನು ತಲೆಯಲ್ಲಿಟ್ಟುಕೊಂಡು ಗೋಡೆಯ ಬಳಿ ನಿಂತು ನೋಡಿ. ಸುತ್ತ ಬರೀ ನೀರು, ದೂರದಲ್ಲಿ ದಡ. 1568ರ ಮೇ 2ರಂದು ವಿಲ್ಲಿ ಡಗ್ಲಸ್ ಎಂಬ ಹುಡುಗ ಬೀಗದ ಕೈ ಕದ್ದು ಅವಳನ್ನು ದೋಣಿ ಹತ್ತಿಸಿದ. ಆಳಿನ ಬಟ್ಟೆ ತೊಟ್ಟು ಅವಳು ದಾಟಿದ ನೀರನ್ನೇ ನೀವೂ ದಾಟಿ ವಾಪಸು ಬರುತ್ತೀರಿ.

ದೋಣಿ ಚಳಿಗಾಲದಲ್ಲಿ ಇರುವುದಿಲ್ಲ, ಬೇಸಿಗೆಯಲ್ಲೂ ಮೊದಲೇ ಟಿಕೆಟ್ ಮಾಡಿಸಿಕೊಳ್ಳಿ. ಡಿಸೆಂಬರ್‌ನಲ್ಲಿ ಹೋಗುವವರಾದರೆ ಹೋಲಿರೂಡ್‌ಗೇ ಹೋಗಿ, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ.