ಗಾಜಿನ ಕೆಲಸಕ್ಕೆ ಐದು ಸ್ಟಾರ್, ನೀರಿನ ಸಲಹೆಗೆ ಒಂದೇ

ಬೆಂಗಳೂರಿನ ಒಂದು ಅಕ್ವೇರಿಯಂ ಅಂಗಡಿಯಲ್ಲಿ ಟ್ಯಾಂಕ್ ಮಾಡಿಸಿ, ಅವರ ಹುಡುಗರಿಂದಲೇ ಮನೆಯಲ್ಲಿ ಸೆಟಪ್ ಮಾಡಿಸಿದೆ. ಅಂಗಡಿ ಹೆಸರು ಹಾಕಲ್ಲ. ನಾನು ವಿಚಾರಿಸಿದ ಬೇರೆ ಅಂಗಡಿಗಳಲ್ಲೂ ನೀರಿನ ಬಗ್ಗೆ ಹೆಚ್ಚುಕಮ್ಮಿ ಇದೇ ಥರದ ಸಲಹೆ ಕೇಳಿದ್ದೇನೆ, ಒಬ್ಬರನ್ನೇ ಹಿಡಿದು ಬೈಯೋದು ಸರಿಯಲ್ಲ.

ನನಗೆ ಬೇಕಿದ್ದದ್ದು ಮಾಮೂಲಿ ಏಂಜಲ್ ಮೀನಿನ ಟ್ಯಾಂಕ್ ಅಲ್ಲ. ಅಂಗಡಿಗಳಲ್ಲಿ ಸಿಗುವ ಏಂಜಲ್‌ಗಳು ತಲೆಮಾರುಗಳಿಂದ ತೊಟ್ಟಿಯಲ್ಲೇ ಹುಟ್ಟಿದವು, ನಮ್ಮ ಬೋರ್‌ವೆಲ್ ನೀರಿಗೂ ಹೇಗೋ ಹೊಂದಿಕೊಳ್ಳುತ್ತವೆ. ನಾನು ತರಿಸಬೇಕು ಅಂದುಕೊಂಡಿದ್ದು ಬ್ರೆಜಿಲ್‌ನ ರಿಯೋ ನೀಗ್ರೊ ನದಿಯಲ್ಲಿ ಹಿಡಿದ ಕಾಡು ಸ್ಕೇಲಾರೆ ಜಾತಿಯ ಏಂಜಲ್. ಆ ನದಿಯ ನೀರು ಕೊಳೆತ ಎಲೆಗಳಿಂದ ಕಪ್ಪು ಟೀ ಬಣ್ಣಕ್ಕೆ ತಿರುಗಿರುತ್ತದೆ, ಪಿಎಚ್ ತುಂಬಾ ಕಡಿಮೆ (ಅಂದರೆ ನೀರು ಆಮ್ಲೀಯ), ಲವಣ ಇಲ್ಲವೇ ಇಲ್ಲ ಅನ್ನುವಷ್ಟು ಮೆದು. ಇದನ್ನೆಲ್ಲ ಮೊದಲೇ ಅಂಗಡಿಯವರಿಗೆ ಹೇಳಿದ್ದೆ. "ಆಗುತ್ತೆ ಸರ್, ಎಲ್ಲಾ ಮಾಡಿಕೊಡ್ತೀವಿ" ಅಂದರು.

ಗಾಜಿನ ಕೆಲಸ ನಿಜಕ್ಕೂ ಚೆನ್ನಾಗಿದೆ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರ, 12 ಎಂಎಂ ಗಾಜು. ಎತ್ತರದ ವಿಷಯದಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬೇಡಿ, ಏಂಜಲ್ ಉದ್ದಕ್ಕಿಂತ ಎತ್ತರಕ್ಕೆ ಬೆಳೆಯುವ ಮೀನು. ಇಷ್ಟು ದೊಡ್ಡ ಟ್ಯಾಂಕಿಗೆ ಸುಮಾರು 300 ಲೀಟರ್ ನೀರು, ಅಂದರೆ 300 ಕೆಜಿ, ಅದರ ಮೇಲೆ ಗಾಜು, ಮರಳು, ಸ್ಟ್ಯಾಂಡ್. ಖಾಲಿ ಟ್ಯಾಂಕೇ ಲಿಫ್ಟಿನಲ್ಲಿ ಹಿಡಿಸಲಿಲ್ಲ, ನಾಲ್ಕು ಜನ ಮೂರು ಮಹಡಿ ಮೆಟ್ಟಿಲು ಹತ್ತಿ ಹೊತ್ತು ತಂದರು, ಒಂದು ಕಡೆಯೂ ಗೀಚಿಲ್ಲ. ರಸಮಟ್ಟ ಇಟ್ಟು ನೋಡಿ, ಸ್ಟ್ಯಾಂಡಿನ ಒಂದು ಕಾಲಿಗೆ ಸಣ್ಣ ತಗಡು ಕೊಟ್ಟು, ಮೇಲೆ ಥರ್ಮಾಕೋಲ್ ಹಾಸಿ ಕೂರಿಸಿದರು. ನೀರು ತುಂಬಿಸಿ ಎರಡು ದಿನ ನೋಡಿದೆ, ಒಂದು ಹನಿ ಸೋರಲಿಲ್ಲ.

ಅಲ್ಲಿಂದ ಮುಂದೆ ಶುರುವಾಯ್ತು.

ತಳಕ್ಕೆ ಹಾಕಲು ಬಿಳಿ ಕಲ್ಲಿನ ಚೂರು ತಂದಿದ್ದರು, ಪಾಪ, ಫ್ರೀಯಾಗಿ. ಅನುಮಾನ ಬಂದು ಒಂದು ಹಿಡಿ ಕಲ್ಲಿಗೆ ವಿನೆಗರ್ ಹಾಕಿದೆ. ಬುಸು ಬುಸು ಗುಳ್ಳೆ ಬಂತು. ಅಮೃತಶಿಲೆ ಚೂರು ಅದು! ಅದನ್ನು ಹಾಕಿದ್ದರೆ ಸುಣ್ಣದ ಅಂಶ ನೀರಿಗೆ ಬಿಡುತ್ತಾ ಹೋಗಿ ಪಿಎಚ್ ಕೆಳಗೆ ಇಳಿಯೋಕೇ ಬಿಡುತ್ತಿರಲಿಲ್ಲ. ವಾಪಸ್ ಕೊಟ್ಟು ತೊಳೆದ ನದಿ ಮರಳು ಹಾಕಿದೆ.

ಆಮೇಲೆ ಒಂದು ಬಾಟಲಿ ಬ್ಯಾಕ್ಟೀರಿಯಾ ಸುರಿದು, "ನಾಳೆನೇ ಮೀನು ಬಿಡಿ ಸರ್" ಅಂದ ಆ ಹುಡುಗ. ಮೀನಿನ ಗಲೀಜಿನಿಂದ ಬರುವ ಅಮೋನಿಯವನ್ನು ಒಂದು ಜಾತಿಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡಬೇಕು, ಅದನ್ನು ಇನ್ನೊಂದು ಜಾತಿ ನೈಟ್ರೇಟ್ ಮಾಡಬೇಕು. ಮೊದಲೆರಡೂ ಮೀನಿಗೆ ವಿಷ. ಈ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಲು ವಾರಗಳು ಬೇಕು, ರಾತ್ರಿ ಬೆಳಗಾಗುವುದರಲ್ಲಿ ಆಗೋ ಕೆಲಸವಲ್ಲ. ನಾನು ಖಾಲಿ ಟ್ಯಾಂಕಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಟೆಸ್ಟ್ ಕಿಟ್ ಹಿಡಿದು ಕೂತೆ. "ದಿನಾ ಊಟ ಹಾಕ್ತೀಯಲ್ಲ, ತಿನ್ನೋರು ಯಾರೋ?" ಅಂತ ಅಮ್ಮ ಕೇಳುತ್ತಿದ್ದರು. 41ನೇ ದಿನಕ್ಕೆ ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ. ಇನ್ನೊಂದು ವಿಷಯ, ಈ ಹಂತವನ್ನು ಮಾಮೂಲಿ ನೀರಿನಲ್ಲೇ ಮುಗಿಸಿ. ಮೊದಲೇ ಪಿಎಚ್ ಇಳಿಸಿಬಿಟ್ಟರೆ ಬ್ಯಾಕ್ಟೀರಿಯಾ ಮಂಕಾಗಿ ಕೂತುಬಿಡುತ್ತವೆ.

ಪಿಎಚ್ ಇಳಿಸಲು ಅಂಗಡಿಯವರು ಇನ್ನೊಂದು ಬಾಟಲಿ ಮಾರಿದ್ದರು. ಹಾಕಿದ ಸಂಜೆ ಇಳಿಯುತ್ತೆ, ಮರುದಿನ ಮತ್ತೆ ಮೇಲೆ. ನಮ್ಮ ಅಪಾರ್ಟ್‌ಮೆಂಟಿನದು ಬೋರ್‌ವೆಲ್ ಮತ್ತು ಕಾವೇರಿ ಬೆರೆತ ನೀರು, ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣದ ಅಳತೆ) 640 ತೋರಿಸುತ್ತಿತ್ತು. ಇಷ್ಟು ಗಡಸು ನೀರಿನಲ್ಲಿ ಪಿಎಚ್ ಇಳಿದು ನಿಲ್ಲಲ್ಲ, ಮೊದಲು ಗಡಸುತನ ತೆಗೀಬೇಕು. ನಾನು ಹಿಡಿದ ದಾರಿ ಆರ್‌ಓ ನೀರು. ಅಡುಗೆಮನೆಯ ಆರ್‌ಓದಿಂದ ಒಂದು ಪೈಪ್ ಎಳೆದು ರಾತ್ರಿಯಿಡೀ ಡ್ರಮ್ ತುಂಬಿಸಿ, ವಾರವಾರ ಸ್ವಲ್ಪ ಸ್ವಲ್ಪ ಬದಲಾಯಿಸಿ ಟಿಡಿಎಸ್ ಅನ್ನು 90ರ ಹತ್ತಿರ ತಂದೆ. ಆರ್‌ಓ ಹೊರಹಾಕುವ ನೀರು ನೆಲ ಒರೆಸೋಕೆ, ಗಾಡಿ ತೊಳೆಯೋಕೆ. ಇಷ್ಟು ತಾಪತ್ರಯ ಬೇಡ ಅನ್ನುವವರು ದಯವಿಟ್ಟು ಕಾಡು ಮೀನಿನ ತಂಟೆಗೆ ಹೋಗಬೇಡಿ.

ನೀರಿನ ಬಣ್ಣಕ್ಕೆ ಕಾಡು ಬಾದಾಮಿ ಎಲೆ. ಅಂಗಡಿಯಲ್ಲಿ ಹತ್ತು ಎಲೆಯ ಪ್ಯಾಕೆಟ್ 150 ರೂಪಾಯಿ! ನಮ್ಮ ಪಾರ್ಕಿನಲ್ಲಿ ಅದೇ ಎಲೆ ಪೌರಕಾರ್ಮಿಕರು ದಿನಾ ಗುಡಿಸಿ ಗುಡ್ಡೆ ಹಾಕುತ್ತಾರೆ. ತಾನಾಗೇ ಉದುರಿ ಒಣಗಿದ್ದನ್ನು ಆರಿಸಿ, ತೊಳೆದು ಹಾಕಿದೆ. ಮೂರು ದಿನಕ್ಕೆ ನೀರು ತೆಳು ಡಿಕಾಕ್ಷನ್ ಥರ ಆಯ್ತು.

ಉಳಿದ ಸಾಮಾನಿನಲ್ಲಿ ಫಿಲ್ಟರ್ ಪರವಾಗಿಲ್ಲ, ಆದರೆ ನೀರು ಬೀಳುವ ರಭಸ ಜಾಸ್ತಿ, ಮೂತಿಯನ್ನು ಗಾಜಿನ ಕಡೆ ತಿರುಗಿಸಿದೆ. ಹೀಟರ್ 300 ವ್ಯಾಟಿನದು ಒಂದೇ ಕೊಟ್ಟಿದ್ದರು. ಅದು ಆನ್ ಆಗಿಯೇ ಸಿಕ್ಕಿಕೊಂಡರೆ ಮೀನು ಸಾರಾಗುತ್ತದೆ. ಬದಲಿಗೆ 150ರದು ಎರಡು ಹಾಕಿ 28 ಡಿಗ್ರಿಗೆ ಇಟ್ಟಿದ್ದೇನೆ.

ಮೀನು ಬಂದಿದ್ದು ಚೆನ್ನೈನ ಕೊಳತ್ತೂರು ಕಡೆಯ ಒಬ್ಬ ಮಾರಾಟಗಾರರಿಂದ. ಈ ರಿವ್ಯೂನಲ್ಲಿ ಪೂರ್ತಿ ಮಾರ್ಕ್ಸ್ ಅವರಿಗೇ. ನನ್ನ ಟೆಸ್ಟ್ ಕಿಟ್ ಫೋಟೋ ನೋಡದೆ ಅಡ್ವಾನ್ಸ್ ಕೂಡ ತಗೊಳ್ಳಲಿಲ್ಲ. ಕಾಡು ಮೀನಿನ ಹೊಟ್ಟೆಯಲ್ಲಿ ಹುಳ ಇರೋದು ಮಾಮೂಲು ಅಂತ ಒಂದು ತಿಂಗಳು ಬೇರೆ ತೊಟ್ಟಿಯಲ್ಲಿಟ್ಟು, ಹುಳದ ಔಷಧಿ ಕೊಟ್ಟು, ಫ್ರೋಜನ್ ಆಹಾರ ತಿನ್ನುವ ವಿಡಿಯೋ ಕಳಿಸಿದ ಮೇಲೇ ಪ್ಯಾಕ್ ಮಾಡಿದ್ದು. ಆರು ಮೀನು, ಮಾಮೂಲಿ ಏಂಜಲ್‌ನ ಹತ್ತು ಪಟ್ಟು ರೇಟು. ಹನಿ ಹನಿಯಾಗಿ ನಮ್ಮ ನೀರು ಬೆರೆಸಿ ಒಳಗೆ ಬಿಟ್ಟೆ. ಎರಡು ದಿನ ಮರದ ಬೇರಿನ ಹಿಂದೆ ಅಡಗಿದ್ದವು. ಮೂರನೇ ದಿನ ಆರೂ ಮುಂದೆ ಬಂದು ನಿಂತವು. ಬೆಳ್ಳಿ ಮೈ, ಅಚ್ಚ ಕಪ್ಪು ಪಟ್ಟಿ, ಬೆನ್ನ ಮೇಲೆ ಕೆಂಪು ಚುಕ್ಕಿ. ನಿಯಾನ್ ಟೆಟ್ರಾದಂಥ ಪುಟಾಣಿ ಮೀನುಗಳ ಜೊತೆಗೆ ಬಿಡಬೇಡಿ, ನುಂಗಿಬಿಡುತ್ತವೆ.

ಮೊನ್ನೆ ಅಂಗಡಿಯವರು ಫೋನ್ ಮಾಡಿ, ತಿಂಗಳಿಗೊಮ್ಮೆ ಕ್ಲೀನಿಂಗ್ ಸರ್ವೀಸ್ ಇದೆ, ಮೊದಲನೇ ಸಲ ಫ್ರೀ ಅಂದರು. ಬಂದ ಹುಡುಗ ಫಿಲ್ಟರ್ ಸ್ಪಾಂಜ್ ತೆಗೆದು ನೇರ ಬಾತ್‌ರೂಮಿನ ನಲ್ಲಿ ಹತ್ತಿರ ಹೊರಟ. ಕ್ಲೋರಿನ್ ನೀರಿನಲ್ಲಿ 41 ದಿನದ ಬ್ಯಾಕ್ಟೀರಿಯಾ ಹೋಗಿಬಿಡುತ್ತಿತ್ತು. ಸ್ಪಾಂಜ್ ಕಿತ್ತುಕೊಂಡು, ಟ್ಯಾಂಕಿನಿಂದಲೇ ತೆಗೆದ ನೀರಿನ ಬಕೆಟ್ಟಿನಲ್ಲಿ ಹಿಂಡಿ ತೋರಿಸಿ, ಕಾಫಿ ಕೊಟ್ಟು ಕಳಿಸಿದೆ. ಗಾಜು ಮಾತ್ರ ಫಳಫಳ ಒರೆಸಿ ಹೋದ.