"ಕರೆಕ್ಟಾಗಿ ಮೂಗಿಗೆ ಬಂತು ಸಾರ್" ಅಂದರೆ ಸ್ನೋಬೋರ್ಡ್ ಕೊಳ್ಳಬೇಡಿ

ಮೈಸೂರು, ಮಂಡ್ಯ ಕಡೆಯವರು ಯಾರಾದರೂ ಈ ಚಳಿಗಾಲಕ್ಕೆ ಕಾಶ್ಮೀರದ ಗುಲ್ಮಾರ್ಗ್‌ಗೋ ಉತ್ತರಾಖಂಡದ ಔಲಿಗೋ ಸ್ನೋಬೋರ್ಡ್, ಅಂದರೆ ಎರಡೂ ಕಾಲು ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಹಲಗೆ, ಕಲಿಯಲು ಹೊರಟಿದ್ದೀರಾ? ಸೆಕೆಂಡ್ ಹ್ಯಾಂಡ್ ಬೋರ್ಡ್ ಊರಲ್ಲೇ ಸಿಗುತ್ತಿದೆ ಅಂತ ಖುಷಿಯಲ್ಲಿದ್ದೀರಾ? ದುಡ್ಡು ಕೊಡುವ ಮೊದಲು ಇದನ್ನು ಓದಿ. ನನಗೆ 22,000 ರೂಪಾಯಿಗೆ ಟೋಪಿ ಹಾಕಿದ್ದಾರೆ. ದುಡ್ಡು ಹೋಗಲಿ, ಆಮೇಲೆ ಆ ಮನುಷ್ಯ ಕೊಟ್ಟ ಉತ್ತರಗಳಿವೆಯಲ್ಲ, ಅವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಹೆಸರು ಹಾಕುವುದಿಲ್ಲ. ಮೈಸೂರಿನಲ್ಲಿ ಮನೆಯ ಮಹಡಿ ಮೇಲೆ ಟೆಂಟು, ಸ್ಲೀಪಿಂಗ್ ಬ್ಯಾಗು, ಟ್ರೆಕ್ಕಿಂಗ್ ಶೂ ಇಟ್ಟುಕೊಂಡು ಮಾರುತ್ತಾರೆ. ಮಾತು ಬೆಣ್ಣೆ. ಬಿಲ್ ಕೇಳಿದರೆ "ನಮ್ಮ ನಮ್ಮಲ್ಲಿ ಬಿಲ್ ಯಾಕೆ ಸಾರ್" ಅನ್ನುತ್ತಾರೆ.

ನನ್ನ ಎತ್ತರ 5 ಅಡಿ 8 ಇಂಚು. ತೂಕ 58 ಕೆ.ಜಿ. ಶೂ ಸೈಜ್ 7. ಹಿಮವನ್ನು ಕಣ್ಣಲ್ಲಿ ನೋಡಿದವನೂ ಅಲ್ಲ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಅವರು ಇದರಲ್ಲಿ ಕೇಳಿದ್ದು ಎತ್ತರ ಒಂದೇ. ತೂಕ ಕೇಳಲಿಲ್ಲ. ಮತ್ತೆ ಹೇಳುತ್ತೇನೆ, ತೂಕ ಕೇಳಲೇ ಇಲ್ಲ. "ಯಾವ ಸ್ಟೈಲ್ ಸಾರ್ ನಿಮ್ಮದು?" ಅಂತ ಮಾತ್ರ ದೊಡ್ಡದಾಗಿ ಕೇಳಿದರು. ಈಗಷ್ಟೇ ಕಲಿಯಬೇಕು ಅಂದೆ. "ಹಂಗಾದ್ರೆ ಆಲ್ ಮೌಂಟೇನ್ ಬೋರ್ಡ್ ಸಾರ್, ಎಲ್ಲಾದಕ್ಕೂ ಆಗುತ್ತೆ" ಅಂತ ಒಂದನ್ನು ಎಳೆದರು. ಮೇಲೆ 162 ಅಂತ ಅಚ್ಚಾಗಿತ್ತು. ಅಂದರೆ 162 ಸೆಂ.ಮೀ. ಉದ್ದ. ಪಕ್ಕದಲ್ಲೇ ಒಂದು ಬಣ್ಣದ ಸ್ಟಿಕ್ಕರ್. ಈ ಸ್ಟಿಕ್ಕರ್ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕಾಲಿಗೆ ದಪ್ಪ ಬೂಟು ಹಾಕಿಸಿದರು. ಬೋರ್ಡನ್ನು ನನ್ನ ಮುಂದೆ ನಿಲ್ಲಿಸಿದರು. "ನೋಡಿ, ಕರೆಕ್ಟಾಗಿ ಮೂಗಿಗೆ ಬಂತು. ನಿಮಗೇ ಅಂತ ಮಾಡಿಸಿದಂಗಿದೆ!" ಬರದೆ ಏನು? ಬೂಟು ಹಾಕಿದರೆ ಯಾರಾದರೂ ಒಂದು ಇಂಚು ಎತ್ತರ ಆಗುತ್ತಾರೆ. ಬೋರ್ಡಿನ ತುದಿ ಗದ್ದಕ್ಕೂ ಮೂಗಿಗೂ ನಡುವೆ ಬಂದರೆ ಸರಿ ಅನ್ನುವುದು ಹಳೇ ಅಂದಾಜಿನ ಲೆಕ್ಕ. ಬೋರ್ಡಿಗೆ ನಿಮ್ಮ ಮೂಗು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಅದರ ಮೇಲೆ ಎಷ್ಟು ಭಾರ ನಿಂತಿದೆ ಅನ್ನುವುದು ಮಾತ್ರ ಗೊತ್ತಾಗುತ್ತದೆ. ಆ ಭಾರಕ್ಕೆ ಬೋರ್ಡು ಬಾಗಬೇಕು. ಬಾಗಿದರೆ ತಿರುಗುತ್ತದೆ, ಇಲ್ಲದಿದ್ದರೆ ನೆಟ್ಟಗೆ ಹೋಗುತ್ತಲೇ ಇರುತ್ತದೆ.

ಸ್ವಲ್ಪ ಉದ್ದ ಆಯಿತೇನೋ ಅಂತ ಕೇಳಿದ್ದೆ. ಕೇಳಿದ್ದೆ, ಅಲ್ಲೇ ನಿಂತು ಬಾಯಿಬಿಟ್ಟು ಕೇಳಿದ್ದೆ. ಅದಕ್ಕೆ ಬಂದ ಉತ್ತರ: "ಗುಲ್ಮಾರ್ಗ್‌ನಲ್ಲಿ ಹಿಮ ಆಳ ಸಾರ್. ಉದ್ದ ಬೋರ್ಡ್ ತೇಲುತ್ತೆ, ಗಿಡ್ಡದು ಹೂತು ಹೋಗುತ್ತೆ." ಇದು ಪೂರ್ತಿ ಸುಳ್ಳಲ್ಲ, ಅದೇ ಸಂಕಟ. ಮೆತ್ತನೆ ಹೊಸ ಹಿಮದಲ್ಲಿ ಉದ್ದ ಬೋರ್ಡು ಚೆನ್ನಾಗಿ ತೇಲುತ್ತದೆ, ವೇಗದಲ್ಲಿ ಅಲುಗಾಡುವುದಿಲ್ಲ. ಆದರೆ ಅದು ಯಾರಿಗೆ? ಗೊಂಡೋಲಾದ, ಅಂದರೆ ಅಲ್ಲಿನ ಕೇಬಲ್ ಕಾರಿನ, ಎರಡನೇ ಹಂತ ಹತ್ತಿ, ಸುಮಾರು 4,000 ಮೀಟರ್ ಎತ್ತರದ ಅಫರ್ವತ್ ಬೆಟ್ಟದಿಂದ ಯಾರೂ ತುಳಿಯದ ಹಿಮದಲ್ಲಿ ಇಳಿಯುವವರಿಗೆ. ಕಲಿಯುವವರು ಇರುವುದು ಕೆಳಗೆ, ಹುಲ್ಲುಗಾವಲಿನ ಸಣ್ಣ ಇಳಿಜಾರಿನಲ್ಲಿ. ಅಲ್ಲಿ ಬೇಕಾಗುವುದು ಹೇಳಿದ ಹಾಗೆ ಕೇಳುವ, ಮೆತ್ತಗಿನ, ಸ್ವಲ್ಪ ಗಿಡ್ಡ ಬೋರ್ಡು. ಮೈಸೂರಿನವನಿಗೆ ಇದು ಎಲ್ಲಿಂದ ಗೊತ್ತಿರಬೇಕು? ಮಾರುವವರಿಗೆ ಗೊತ್ತಿರಬೇಕು. ಇವರಿಗೆ ಗೊತ್ತೂ ಇತ್ತು.

ಮನೆಗೆ ತಂದಾಗ ಅಮ್ಮ "ಇದೇನೋ, ಇಸ್ತ್ರಿ ಮಾಡೋ ಹಲಗೆ ಇದ್ದಂಗಿದೆ" ಅಂದರು. ಅದಕ್ಕಾದರೂ ಉಪಯೋಗ ಆಗುತ್ತಿತ್ತು.

ಫ್ಲೈಬಸ್ಸಿನಲ್ಲಿ ಅದನ್ನು ತುರುಕಿ, ಏರ್‌ಪೋರ್ಟಿನಲ್ಲಿ ಲಗೇಜಿಗೆ ಬೇರೆ ದುಡ್ಡು ಕಟ್ಟಿ, ಶ್ರೀನಗರ ಮುಟ್ಟಿ, ತಂಗ್‌ಮಾರ್ಗ್‌ನಲ್ಲಿ ಚಕ್ರಕ್ಕೆ ಚೈನ್ ಕಟ್ಟಿದ ಗಾಡಿ ಹಿಡಿದು ಗುಲ್ಮಾರ್ಗ್‌ಗೆ ಹೋದೆ. ಅಲ್ಲಿನ ಕೋಚ್ ಕೇಳಿದ ಮೊದಲ ಪ್ರಶ್ನೆ ಏನು ಗೊತ್ತಾ? "ನಿಮ್ಮ ತೂಕ ಎಷ್ಟು?" ನಾನು ಹೇಳಿದೆ. ಅವರು ಬೋರ್ಡು ನೋಡಿದರು, ನನ್ನನ್ನು ನೋಡಿದರು, ಮತ್ತೆ ಬೋರ್ಡು ನೋಡಿದರು. ಎರಡೂ ಕೈಯಲ್ಲಿ ಒತ್ತಿ ಬಗ್ಗಿಸಲು ಹೋದರು. ಅದು ಜಪ್ಪಯ್ಯ ಅನ್ನಲಿಲ್ಲ. "ಇದು ಫ್ರೀರೈಡ್ ಬೋರ್ಡ್, ಯಾರೂ ತುಳಿಯದ ಹಿಮದಲ್ಲಿ ಇಳಿಯೋಕೆ ಮಾಡಿದ್ದು. 80 ಕೆ.ಜಿ. ದಾಟಿದ, ಚೆನ್ನಾಗಿ ಓಡಿಸೋಕೆ ಬರುವವರದ್ದು. ಯಾರು ಕೊಟ್ಟರು ನಿಮಗೆ?" ಅಂದರು. ಸುತ್ತ ಇದ್ದವರು ನಕ್ಕರು. ಏನು ಹೇಳಲಿ ನಾನು? ಮೂಗಿಗೆ ಬಂದಿತ್ತು ಅಂತ ಹೇಳಲಾ?

ಅದರ ಮೇಲೆ ನಿಂತ ಕಥೆ ಬೇಡ. ಬೆರಳಿನ ಕಡೆಯ ಅಂಚಿಗೆ ಎಷ್ಟು ವಾಲಿದರೂ ಅದು ಏಳಲೇ ಇಲ್ಲ. ಎಂಟು ಹತ್ತು ವರ್ಷದ ಮಕ್ಕಳು ಪಕ್ಕದಲ್ಲೇ ಜುಂಯ್ ಅಂತ ಹೋಗುತ್ತಿದ್ದರು. ಕೊನೆಗೆ ಅಲ್ಲೇ ಬಾಡಿಗೆಗೆ 150ರ ಒಂದು ಮೆತ್ತಗಿನ ಬೋರ್ಡು ತೆಗೆದುಕೊಂಡೆ. ಅವತ್ತು ಸಂಜೆಯೊಳಗೆ ತಿರುಗುವುದು ಬಂತು.

ಈಗ ಸ್ಟಿಕ್ಕರ್. ರಾತ್ರಿ ರೂಮಿನಲ್ಲಿ ಬುಖಾರಿ, ಅಂದರೆ ರೂಮು ಬೆಚ್ಚಗಿಡುವ ಒಲೆಯ ಪಕ್ಕ ಬೋರ್ಡು ಒರಗಿಸಿದ್ದೆ. ಹಿಮದಲ್ಲಿ ನೆನೆದು ಸ್ಟಿಕ್ಕರಿನ ಒಂದು ಮೂಲೆ ಎದ್ದಿತ್ತು. ಸುಮ್ನೆ ಉಗುರಲ್ಲಿ ಎಳೆದೆ. ಕೆಳಗೆ ಇಂಗ್ಲಿಷಿನ ಡಬ್ಲ್ಯೂ ಅಕ್ಷರ. 162 ಅಲ್ಲ, 162 ಡಬ್ಲ್ಯೂ. ವೈಡ್. ಅಗಲದ ಬೋರ್ಡು. ಸೈಜ್ 10, 11ರ ಪಾದದವರ ಬೂಟು ಹೊರಗೆ ಚಾಚಿ ಹಿಮಕ್ಕೆ ಉಜ್ಜಬಾರದು ಅಂತ ಮಾಡುವಂಥದ್ದು. ನನ್ನ ಸೈಜ್ 7ರ ಕಾಲು ಅದರ ನಡುವೆ ಕೂತರೆ ಅಂಚಿನ ತನಕ ಒತ್ತಡವೇ ಹೋಗುವುದಿಲ್ಲ. ನಂಬರ್ ಬಿಟ್ಟು ಆ ಒಂದು ಅಕ್ಷರದ ಮೇಲೆ ಅಳತೆ ಮಾಡಿ ಅಂಟಿಸಿದ್ದಾರೆ. ನಾನು ಸುಮಾರು ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ. ತಪ್ಪು ಅಳತೆ ಕೊಟ್ಟರು ಅಂತ ಅಲ್ಲಿಯ ತನಕ ಅಂದುಕೊಂಡಿದ್ದೆ. ಇದು ತಪ್ಪು ಅಳತೆ ಅಲ್ಲ. ಬೇಕಂತಲೇ ಮಾಡಿದ್ದು.

ಫೋಟೋ ತೆಗೆದು ವಾಟ್ಸಾಪ್ ಮಾಡಿದೆ. ಉತ್ತರಗಳನ್ನು ಓದಿ.

"ಅದು ಸ್ಕ್ರ್ಯಾಚ್ ಮುಚ್ಚೋಕೆ ಹಾಕಿದ್ದು ಸಾರ್." ಸ್ಕ್ರ್ಯಾಚ್ ಎಲ್ಲೂ ಇರಲಿಲ್ಲ.

"ವೈಡ್ ಆದ್ರೆ ಇನ್ನೂ ಒಳ್ಳೇದಲ್ವಾ? ಅದೇ ರೇಟಿಗೆ ಅಗಲ ಜಾಸ್ತಿ ಸಿಕ್ತು."

"ಈಗ ಅಗಲ ಬೋರ್ಡೇ ಟ್ರೆಂಡ್ ಸಾರ್." ಇದೂ ಅರ್ಧ ನಿಜ. ಅಗಲ ಜಾಸ್ತಿ ಮಾಡಿ ಉದ್ದ ಕಡಿಮೆ ಮಾಡಿದ ಬೋರ್ಡುಗಳಿವೆ. ಅವನ್ನು ಮಾಮೂಲಿ ಸೈಜಿಗಿಂತ ಕೆಲವು ಸೆಂ.ಮೀ. ಗಿಡ್ಡದ್ದೇ ತೆಗೆದುಕೊಳ್ಳಬೇಕು. ಇವರು ನನಗೆ ಉದ್ದವನ್ನೂ ಕೊಟ್ಟರು, ಅಗಲವನ್ನೂ ಕೊಟ್ಟರು.

"ಬೋರ್ಡ್ ಸರಿ ಇದೆ. ನಿಮಗೆ ಓಡಿಸೋಕೆ ಬರಲ್ಲ." ಕಲಿಯೋಕೆ ಅಂತಲೇ ಕೊಂಡಿದ್ದು ಸ್ವಾಮಿ!

ಎಲ್ಲದಕ್ಕಿಂತ ಇದು: "ಸ್ವಲ್ಪ ಚೆನ್ನಾಗಿ ಊಟ ಮಾಡಿ ಸಾರ್, ತೂಕ ಬಂದ್ರೆ ಸರಿಹೋಗುತ್ತೆ." ಕೊನೆಗೊಂದು ನಗುವ ಮುಖ.

ವಾಪಸ್ ತೆಗೆದುಕೊಳ್ಳಿ ಅಂದೆ. 6,000 ಕೊಡುತ್ತೇನೆ ಅಂದರು. 22,000ದ ವಸ್ತು 6,000 ಹೇಗಾಯಿತು ಅಂದರೆ "ಯೂಸ್ ಆಗಿದೆಯಲ್ಲ ಸಾರ್". ಆಮೇಲೆ ನೀಲಿ ಟಿಕ್ ಬರುತ್ತದೆ, ಉತ್ತರ ಬರುವುದಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡೋಣ ಅಂದರೆ ಕೈಯಲ್ಲಿ ಬಿಲ್ ಇಲ್ಲ, ಫೋನ್‌ಪೇ ಸ್ಕ್ರೀನ್‌ಶಾಟ್ ಮತ್ತು ಈ ಚಾಟ್ ಮಾತ್ರ ಇವೆ. ಆದರೂ ಕೊಡುತ್ತೇನೆ, ಬಿಡುವುದಿಲ್ಲ.

ನನ್ನ ಮಾತು ಇಷ್ಟೇ. ತೂಕ ಕೇಳದೆ ಬೋರ್ಡು ತೋರಿಸುವವರ ಹತ್ತಿರ ನಿಲ್ಲಲೇಬೇಡಿ. ಕಂಪನಿಗಳು ಒಂದೊಂದು ಮಾಡೆಲ್‌ಗೂ ಯಾವ ಉದ್ದ ಎಷ್ಟು ಕೆ.ಜಿ.ಗೆ ಅಂತ ಪಟ್ಟಿ ಹಾಕಿರುತ್ತವೆ, ಅಲ್ಲೇ ನಿಂತು ಫೋನಲ್ಲಿ ನೋಡಿ. ಹಾರುವುದು, ಸುತ್ತುವುದು ಇಷ್ಟ ಆದರೆ ಆ ಪಟ್ಟಿಯಲ್ಲಿ ಗಿಡ್ಡ ಕಡೆಗೆ ಹೋಗಿ. ವೇಗ, ಆಳದ ಹಿಮ ಆದರೆ ಉದ್ದದ ಕಡೆಗೆ. ಕಲಿಯುವವರು ಗಿಡ್ಡ ಕಡೆಗೇ. ನಿಜ ಹೇಳಬೇಕಂದರೆ ಕಲಿಯುವವರು ಕೊಳ್ಳುವುದೇ ಬೇಡ, ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ.

ಇದೆಲ್ಲ ಈಗ ಬರೆಯಲು ಕಾರಣ, ಅದೇ ಮನುಷ್ಯ ನಿನ್ನೆ ಮತ್ತೊಂದು ಬೋರ್ಡು ಮಾರಾಟಕ್ಕೆ ಹಾಕಿದ್ದಾರೆ. 159, "ಕಲಿಯೋರಿಗೆ ಬೆಸ್ಟ್" ಅಂತೆ. ಫೋಟೋದಲ್ಲಿ ನಂಬರಿನ ಪಕ್ಕ ಒಂದು ಸ್ಟಿಕ್ಕರ್ ಇದೆ. ನೋಡಲು ಹೋಗುವವರು ಮೊದಲು ಅದನ್ನು ಕೀಳಿಸಿ.