ಕ್ರಂಚ್, ಪ್ಲ್ಯಾಂಕ್, ನಾವಾಸನ, ಡೆಡ್ ಬಗ್: ಹೊಟ್ಟೆಗೆ ಯಾವುದು ವಾಸಿ?

ಬೊಜ್ಜು ಕರಗಿಸೋಕೆ ಅಂತ ಇದನ್ನು ಓದುತ್ತಿದ್ದರೆ ಮೊದಲೇ ಹೇಳಿಬಿಡುತ್ತೇನೆ, ಈ ನಾಲ್ಕು ವ್ಯಾಯಾಮಗಳಲ್ಲಿ ಯಾವುದೂ ಹೊಟ್ಟೆ ಮೇಲಿನ ಕೊಬ್ಬನ್ನಷ್ಟೇ ಆರಿಸಿ ಇಳಿಸುವುದಿಲ್ಲ. ಅದಕ್ಕೆ ಊಟ, ಓಡಾಟ ಬೇಕು. ನನಗೆ ಬೇಕಾಗಿದ್ದದ್ದು ಬೇರೆ: ದಿನವಿಡೀ ಕುರ್ಚಿಯಲ್ಲಿ ಕೂತು ಎದ್ದಾಗ ಸೊಂಟ ಹಿಡಿದುಕೊಳ್ಳಬಾರದು. ಹಾಗಾಗಿ ಒಂದೊಂದನ್ನೂ ಕೆಲವು ವಾರ ಮಾಡಿ, ಮೊದಲು ಸುಸ್ತಾಗುವುದು ಹೊಟ್ಟೆಯೋ ಬೇರೆ ಏನಾದರೂನೋ ಅಂತ ಗಮನಿಸಿದೆ.

ಕ್ರಂಚ್ ಅಂದರೆ ಅಂಗಾತ ಮಲಗಿ, ಮಂಡಿ ಮಡಚಿ, ತಲೆ ಭುಜ ಮೇಲೆತ್ತುವುದು. ಇದರಲ್ಲಿ ಹೊಟ್ಟೆಯ ಮುಂಭಾಗ ಚೆನ್ನಾಗಿಯೇ ಉರಿಯುತ್ತೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಭುಜದ ಹಿಂಭಾಗ ನೆಲ ಬಿಡುವಷ್ಟು ಮಾತ್ರ ಏಳಬೇಕು. ಪೂರ್ತಿ ಎದ್ದು ಕೂತರೆ ಅದು ಸಿಟ್‌ಅಪ್. ಆಗ ಬೆನ್ನುಮೂಳೆಯಿಂದ ತೊಡೆಗೆ ಇಳಿಯುವ ಸೋಯಸ್ ಅನ್ನುವ ಸ್ನಾಯು ಜಾಸ್ತಿ ಕೆಲಸ ಮಾಡುತ್ತೆ, ಸೊಂಟದ ಮೇಲೂ ಭಾರ ಬೀಳುತ್ತೆ. ಅಮೆರಿಕದ ಸೇನೆ ದಶಕಗಳ ಕಾಲ ಸಿಟ್‌ಅಪ್ ಎಣಿಸುತ್ತಿತ್ತು. 2022ರಲ್ಲಿ ಜಾರಿಗೆ ಬಂದ ದೈಹಿಕ ಪರೀಕ್ಷೆಯಲ್ಲಿ ಆ ಜಾಗಕ್ಕೆ ಪ್ಲ್ಯಾಂಕ್ ಬಂತು. ನನಗೆ ಕ್ರಂಚ್‌ನ ದೊಡ್ಡ ತಕರಾರು ಕುತ್ತಿಗೆ. ಕೈ ತಲೆ ಹಿಂದೆ ಇದ್ದರೆ ಎಳೆಯದೇ ಇರೋಕೆ ಆಗಲ್ಲ. ಎದೆ ಮೇಲೆ ಕಟ್ಟಿಕೊಂಡರೆ ಪರವಾಗಿಲ್ಲ.

ಪ್ಲ್ಯಾಂಕ್ ಅಂದರೆ ಬೋರಲಾಗಿ, ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ಹಲಗೆ ಹಾಗೆ ನೆಟ್ಟಗೆ ಹಿಡಿದು ನಿಲ್ಲುವುದು. ಇದಕ್ಕೆ ಕುತ್ತಿಗೆಯ ಕಾಟ ಇಲ್ಲ. ಇಲ್ಲಿ ಮೋಸ ಆಗೋದು ಗಡಿಯಾರದಿಂದ. ಎರಡು ನಿಮಿಷ ನಿಂತೆ ಅಂತ ಹೇಳಿಕೊಳ್ಳುವವರ ಸೊಂಟ ನೋಡಿ, ಅರ್ಧ ಹೊತ್ತು ಜೋತುಬಿದ್ದಿರುತ್ತೆ. ಹೊಟ್ಟೆ, ಪೃಷ್ಠ ಎರಡೂ ಬಿಗಿ ಹಿಡಿದು 20 ಸೆಕೆಂಡ್ ನಿಂತು ನೋಡಿ, ಬೆವರು ಬರುತ್ತೆ. ಬೆನ್ನುನೋವಿನ ಬಗ್ಗೆ ಬಹಳ ಕೆಲಸ ಮಾಡಿದ ಕೆನಡಾದ ಸ್ಟುವರ್ಟ್ ಮೆಕ್‌ಗಿಲ್ ಹೇಳುವುದೂ ಸುಮಾರು 10 ಸೆಕೆಂಡಿನ ಚಿಕ್ಕ ಚಿಕ್ಕ ಸರದಿಗಳನ್ನೇ. ಅವರು ಆರಿಸಿದ ಮೂರು ವ್ಯಾಯಾಮಗಳಲ್ಲಿ ಸೈಡ್ ಪ್ಲ್ಯಾಂಕ್ ಒಂದು, ಅಂದರೆ ಪಕ್ಕಕ್ಕೆ ತಿರುಗಿ ಒಂದೇ ಮೊಣಕೈ ಮೇಲೆ ಮಾಡುವ ಪ್ಲ್ಯಾಂಕ್. ಪಕ್ಕೆಯ ಸ್ನಾಯುಗಳಿಗೆ ಇದರಷ್ಟು ನೇರವಾದದ್ದು ನನಗೆ ಇನ್ನೊಂದು ಸಿಕ್ಕಿಲ್ಲ.

ನಾವಾಸನದ ಮೇಲೆ ನನಗೆ ಸುಮ್ನೆ ಒಂದು ಪ್ರೀತಿ. ಕೂತು, ಬೆನ್ನು ಹಿಂದಕ್ಕೆ ವಾಲಿಸಿ, ಕಾಲು ಮೇಲೆತ್ತಿ ದೋಣಿಯ ಆಕಾರದಲ್ಲಿ ನಿಲ್ಲುವ ಯೋಗಾಸನ ಇದು. ಮೈಸೂರಿನ ಅಷ್ಟಾಂಗ ಪದ್ಧತಿಯ ಮೊದಲ ಸರಣಿಯಲ್ಲಿ ಇದನ್ನು ಐದು ಸಲ, ಪ್ರತಿ ಸಲ ಐದು ಉಸಿರಿನಷ್ಟು ಹೊತ್ತು ಮಾಡಿಸುತ್ತಾರೆ. ಮಾಡಿದವರಿಗೇ ಗೊತ್ತು! ಆದರೆ ನನ್ನಲ್ಲಿ ಹೊಟ್ಟೆಗಿಂತ ಮೊದಲು ಕೈಕೊಟ್ಟದ್ದು ತೊಡೆ. ತೊಡೆಯ ಹಿಂಭಾಗ ಬಿಗಿ ಇದ್ದವರಿಗೆ ಕಾಲು ನೆಟ್ಟಗಾಗುವಷ್ಟರಲ್ಲಿ ಬೆನ್ನು ಗೂನಾಗುತ್ತೆ, ಭಾರವೆಲ್ಲ ಬಾಲಮೂಳೆ ಮೇಲೆ. ತೆಳು ಜಮಖಾನ ಹಾಸಿಕೊಂಡು ಮಾಡಿದರೆ ಮೂಳೆ ಚುರುಕ್ ಅನ್ನುತ್ತೆ. ಮಂಡಿ ಮಡಚಿಯೇ ಮಾಡಿ, ಯಾರೂ ಬಯ್ಯಲ್ಲ. ಎರಡೂ ಕಾಲು ಒಟ್ಟಿಗೆ ಎತ್ತಿ ಇಳಿಸುವ ಲೆಗ್ ರೈಸ್‌ನದೂ ಇದೇ ಕಥೆ, ಸೊಂಟ ನೆಲ ಬಿಟ್ಟು ಕಮಾನಾಗುತ್ತೆ.

ಕೊನೆಗೆ ನನಗೆ ಹಿಡಿಸಿದ್ದು ಡೆಡ್ ಬಗ್. ನೋಡೋಕೆ ಅಂಗಾತ ಬಿದ್ದ ಜಿರಳೆ ಹಾಗೆ, ಮನೆಯವರು ನಗುತ್ತಾರೆ, ನಗಲಿ. ಅಂಗಾತ ಮಲಗಿ ಎರಡೂ ಕೈ ಮೇಲಕ್ಕೆ ಚಾಚಿ, ಕಾಲು ಎತ್ತಿ ಮಂಡಿ ಸೊಂಟದ ನೇರ ಮೇಲೆ ಬರುವಂತೆ ಮಡಚಿ. ಬಲಗೈ ತಲೆಯ ಹಿಂದಕ್ಕೆ, ಎಡಗಾಲು ಮುಂದಕ್ಕೆ, ಉಸಿರು ಬಿಡುತ್ತಾ ನಿಧಾನಕ್ಕೆ ಚಾಚಿ, ವಾಪಸ್ ತನ್ನಿ. ಆಮೇಲೆ ಇನ್ನೊಂದು ಬದಿ. ಷರತ್ತು ಒಂದೇ, ಸೊಂಟ ನೆಲ ಬಿಡಬಾರದು. ಸೊಂಟದ ಕೆಳಗೆ ಒಂದು ಟವೆಲ್ ಹಾಕಿಕೊಂಡು ಅದರ ತುದಿಯನ್ನು ಮೆಲ್ಲಗೆ ಎಳೆಯುತ್ತಿರು ಅಂತ ಮಗಳ ಕೈಗೆ ಕೊಟ್ಟೆ. ಹಿಮ್ಮಡಿ ನೆಲದ ಹತ್ತಿರ ಬಂದಾಗ ಟವೆಲ್ ಸರಕ್ಕನೆ ಜಾರಿತು. ಅಂದರೆ ಅಷ್ಟು ದೂರ ಚಾಚೋಕೆ ಹೊಟ್ಟೆಗೆ ಇನ್ನೂ ಶಕ್ತಿ ಬಂದಿಲ್ಲ, ಕಾಲು ಸ್ವಲ್ಪ ಮೇಲೇ ನಿಲ್ಲಿಸಬೇಕು. ಇಷ್ಟು ಸ್ಪಷ್ಟವಾಗಿ ತಪ್ಪು ತೋರಿಸುವ ವ್ಯಾಯಾಮ ಇವುಗಳಲ್ಲಿ ಬೇರೆ ಇಲ್ಲ. ಕೊರತೆ ಅಂದರೆ, ಅಭ್ಯಾಸವಾದ ಮೇಲೆ ಸಲೀಸಾಗಿಬಿಡುತ್ತೆ. ಆಗ ಕೈಯಲ್ಲಿ ನೀರಿನ ಬಾಟಲಿ ಹಿಡಿದುಕೊಳ್ಳಿ, ಇಲ್ಲವೇ ಇನ್ನೂ ನಿಧಾನ ಮಾಡಿ.

ಈಗ ನಾನು ಉಳಿಸಿಕೊಂಡಿರುವುದು ಡೆಡ್ ಬಗ್ ಮತ್ತು ಸೈಡ್ ಪ್ಲ್ಯಾಂಕ್. ಹೆರಿಗೆಯಾದವರಿಗೆ ಮಾತ್ರ ಒಂದು ಮಾತು. ತಲೆ ಎತ್ತಿದಾಗ ಹೊಟ್ಟೆಯ ನಡುಗೆರೆ ಉಬ್ಬಿ ಬಂದರೆ ಎರಡು ಬದಿಯ ಸ್ನಾಯುಗಳು ದೂರ ಸರಿದಿರಬಹುದು. ಮೊದಲು ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಅಲ್ಲಿವರೆಗೆ ಕ್ರಂಚ್ ಅಂತೂ ಬೇಡ.